ಕಡಲಿನಿಂದ ಒಂದು ಕರೆ

ಮಕ್ಕಳೇ,

ಬೆಳಗ್ಗೆ ನೀವು ಶಾಲೆಗೆ ಹೊರಡುವ ಹೊತ್ತಿಗೆ ಮೀನು ಮಾರುವವರ ಕೂಗು ಕೇಳಿದ್ದೀರಲ್ಲವೇ? ಒಬ್ಬರು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಾರೆ. ಇನ್ನೊಬ್ಬರು ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಹಾರನ್ ಬಾರಿಸುತ್ತಾ ಬರುತ್ತಾರೆ. "ಬೂತಾಯಿ ಉಂಟು, ಬಂಗುಡೆ ಉಂಟು" ಎಂಬ ಕೂಗು ಕೇಳಿದ ಕೂಡಲೇ ಬೆಕ್ಕೂ ಅಂಗಳಕ್ಕೆ ಓಡಿ ಬರುತ್ತದೆ! ನಾವು ಬೂತಾಯಿ ಎಂದು ಕರೆಯುವ ಈ ಮೀನಿಗೆ ಮಲೆಯಾಳದಲ್ಲಿ ಮತ್ತಿ ಎನ್ನುತ್ತಾರೆ. ಹೆಸರು ಎರಡು, ಮೀನು ಒಂದೇ.

ಈ ಮೀನು ನಿಮ್ಮ ಮನೆಯ ಬಾಗಿಲಿಗೆ ಬರುವ ಮೊದಲು ಎಷ್ಟು ಕೈಗಳನ್ನು ದಾಟಿ ಬಂದಿರುತ್ತದೆ? ಅದರ ಬೆಲೆಯನ್ನು ಯಾರು ನಿಶ್ಚಯಿಸುತ್ತಾರೆ? ಒಂದು ಪುಟ್ಟ ಯಂತ್ರವು ನಮ್ಮ ಕಡಲತೀರದ ಈ ವ್ಯಾಪಾರವನ್ನು ಹೇಗೆ ಬದಲಾಯಿಸಿತು? ಈ ಪಾಠದಲ್ಲಿ ತಿಳಿಯೋಣ.

ಫೋನು ಇಲ್ಲದ ದಿನಗಳು

ಮೀನು ಹಿಡಿಯುವುದು ಕಷ್ಟದ ಕೆಲಸ. ಮೀನುಗಾರರು ಕತ್ತಲಿರುವಾಗಲೇ ದೋಣಿಯನ್ನು ನೀರಿಗೆ ಇಳಿಸುತ್ತಾರೆ. ಅಲೆಗಳನ್ನು ದಾಟಿ ಹೋಗಿ ಬಲೆ ಬೀಸುತ್ತಾರೆ. ಒಂದು ದಿನ ಬಲೆ ತುಂಬುತ್ತದೆ. ಇನ್ನೊಂದು ದಿನ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಆದರೆ ಮೀನು ಸಿಕ್ಕಿತು ಎಂದರೆ ಕೆಲಸ ಮುಗಿಯಿತೇ? ಇಲ್ಲ. ಅದನ್ನು ಮಾರಬೇಕು. ಅದೂ ಬೇಗನೆ ಮಾರಬೇಕು. ಅಕ್ಕಿಯನ್ನು ಕಣಜದಲ್ಲಿ ತುಂಬಿಡಬಹುದು. ಅಡಿಕೆಯನ್ನು ಒಣಗಿಸಿ, ಒಳ್ಳೆಯ ಬೆಲೆ ಬರುವ ತನಕ ಅಟ್ಟದಲ್ಲಿ ಇಡಬಹುದು. ಹಸಿ ಬೂತಾಯಿಯನ್ನು ಹಾಗೆ ಇಡಲಾಗುವುದಿಲ್ಲ. ಬಿಸಿಲು ಏರಿದಂತೆ ಅದು ಕೆಡುತ್ತದೆ. ನಮ್ಮ ಕಡಲತೀರದ ಮೀನು ಸಂತೆಗಳು ಬೆಳಗ್ಗೆ ಸುಮಾರು 5 ಗಂಟೆಗೆ ಆರಂಭವಾಗಿ 8 ಗಂಟೆಯ ಹೊತ್ತಿಗೆ ಮುಗಿದುಹೋಗುತ್ತಿದ್ದವು. ಒಂದು ಊರಿನಲ್ಲಿ ಬೆಲೆ ಸಿಗದಿದ್ದರೆ ಇನ್ನೊಂದು ಊರಿಗೆ ಹೋಗೋಣವೆಂದರೆ ಹೊತ್ತು ಇರುತ್ತಿರಲಿಲ್ಲ. ದೋಣಿಗೆ ಬೇಕಾದ ಎಣ್ಣೆಯ ಖರ್ಚು ಬೇರೆ.

ಆದ್ದರಿಂದ ಮೀನುಗಾರರು ಏನು ಮಾಡುತ್ತಿದ್ದರು? ಬಲೆ ತುಂಬಿದ ಕೂಡಲೇ ತಮ್ಮ ಊರಿನ ದಡಕ್ಕೇ ಮರಳುತ್ತಿದ್ದರು. ಅಲ್ಲಿ ಕೊಳ್ಳುವವರು ಹೆಚ್ಚು ಇದ್ದರೆ ಒಳ್ಳೆಯ ಬೆಲೆ. ಎಲ್ಲ ದೋಣಿಗಳೂ ಒಟ್ಟಿಗೆ ಮೀನು ತಂದಿದ್ದರೆ ಬೆಲೆ ನೆಲಕ್ಕೆ ಬೀಳುತ್ತಿತ್ತು. ದಡಕ್ಕೆ ತಲುಪುವ ತನಕ ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

ಇಲ್ಲೊಂದು ನಿಜವಾದ ಘಟನೆಯನ್ನು ಹೇಳುತ್ತೇವೆ, ಕೇಳಿ. 1997ರ ಜನವರಿ 14. ಕೋಝಿಕ್ಕೋಡು ಜಿಲ್ಲೆಯ ವಡಗರದ ಕಡಲತೀರ. ಆ ದಿನ ಅಲ್ಲಿಗೆ ತುಂಬ ಮೀನು ಬಂದಿತ್ತು. ಕೊಳ್ಳುವವರೆಲ್ಲ ಕೊಂಡು ಆಯಿತು. ಆದರೂ 11 ಮಂದಿ ಮೀನುಗಾರರ ಮೀನು ಹಾಗೆಯೇ ಉಳಿಯಿತು. ಅದನ್ನು ಎಸೆಯದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಅದೇ ಬೆಳಗ್ಗೆ, 15 ಕಿಲೋಮೀಟರಿನೊಳಗೆ ಇರುವ ಬೇರೆ ದಡಗಳಲ್ಲಿ 27 ಮಂದಿ ವ್ಯಾಪಾರಿಗಳು ಮೀನು ಸಿಗದೆ ಬರಿಯ ಬುಟ್ಟಿ ಹಿಡಿದು ಹೊರಡುವುದರಲ್ಲಿದ್ದರು!

ಮಕ್ಕಳೇ, ಒಂದು ಕ್ಷಣ ಆಲೋಚಿಸಿ. ಒಂದು ಕಡೆ ಮೀನು ಇದೆ, ಕೊಳ್ಳುವವರಿಲ್ಲ. ಇನ್ನೊಂದು ಕಡೆ ಕೊಳ್ಳುವವರಿದ್ದಾರೆ, ಮೀನಿಲ್ಲ. ಇಬ್ಬರ ನಡುವೆ ಇದ್ದ ದೂರ ಹೆಚ್ಚೇನಲ್ಲ. ಹಾಗಾದರೆ ಅಲ್ಲಿ ಇಲ್ಲದಿದ್ದುದು ಯಾವುದು? ದೋಣಿ ಇತ್ತು. ದುಡ್ಡು ಇತ್ತು. ದುಡಿಯುವ ಕೈಗಳಿದ್ದವು. ಇಲ್ಲದಿದ್ದುದು ಒಂದು ಸುದ್ದಿ ಮಾತ್ರ.

ಫೋನು ಬಂತು

ಭಾರತದಲ್ಲಿ ಮೊಬೈಲ್ ಫೋನಿನ ಮೊದಲ ಕರೆ ಹೋದದ್ದು 1995ರ ಜುಲೈ 31ರಂದು. ಅದು ಕೋಲ್ಕತ್ತದಿಂದ ದೆಹಲಿಗೆ ಹೋದ ಕರೆ. ಉತ್ತರ ಕೇರಳದಲ್ಲಿ ಈ ಸೇವೆ ಒಂದೊಂದೇ ಜಿಲ್ಲೆಗೆ ಬಂತು. ಕೋಝಿಕ್ಕೋಡಿಗೆ 1997ರ ಜನವರಿ ಕೊನೆಯಲ್ಲಿ, ಕಣ್ಣೂರಿಗೆ 1998ರ ಜುಲೈಯಲ್ಲಿ, ನಮ್ಮ ಕಾಸರಗೋಡಿಗೆ 2000ದ ಮೇ ತಿಂಗಳಲ್ಲಿ.

ಫೋನಿನ ಗೋಪುರಗಳನ್ನು ಮೀನುಗಾರರಿಗಾಗಿ ಕಟ್ಟಿದ್ದಲ್ಲ. ನಮ್ಮ ದೊಡ್ಡ ಪೇಟೆಗಳು ಕಡಲಿನ ಬದಿಯಲ್ಲೇ ಇರುವುದರಿಂದ ಗೋಪುರಗಳೂ ಅಲ್ಲೇ ಎದ್ದವು. ಅವುಗಳ ಸಂಕೇತವು ದಡವನ್ನು ದಾಟಿ ಕಡಲಿನ ಮೇಲೂ 20ರಿಂದ 25 ಕಿಲೋಮೀಟರ್ ತನಕ ಹೋಗುತ್ತಿತ್ತು. ಬೂತಾಯಿ ಹಿಡಿಯುವ ದೋಣಿಗಳು ಹೆಚ್ಚಾಗಿ ಅಷ್ಟು ದೂರದೊಳಗೇ ಇರುತ್ತಿದ್ದವು. ಇದನ್ನು ಮೊದಲು ಕಂಡುಕೊಂಡವರು ಮೀನುಗಾರರೇ. ಅವರು ಫೋನನ್ನು ನೀರು ತಾಗದಂತೆ ಜೋಪಾನವಾಗಿ ದೋಣಿಗೆ ಕೊಂಡೊಯ್ದರು.

ಆಗಿನ ಫೋನು ಅಗ್ಗದ ವಸ್ತುವಾಗಿರಲಿಲ್ಲ. ಮಾತಾಡಿದರೂ ಹಣ, ಬಂದ ಕರೆಯನ್ನು ತೆಗೆದುಕೊಂಡರೂ ಹಣ! ಬರುವ ಕರೆಗೆ ಹಣ ಕೊಡಬೇಕಾಗಿಲ್ಲ ಎಂಬ ಕ್ರಮ ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ಆದರೂ ಸಣ್ಣ ಮೀನುಗಾರರು ಫೋನು ಕೊಂಡರು. ಏಕೆ? ಬನ್ನಿ, ಒಂದು ಲೆಕ್ಕ ಮಾಡೋಣ.

ದೋಣಿಯಲ್ಲೊಂದು ಲೆಕ್ಕ

ನೀವೇ ಒಬ್ಬ ಮೀನುಗಾರ ಎಂದು ಭಾವಿಸಿಕೊಳ್ಳಿ. ನಿಮ್ಮ ದೋಣಿಯಲ್ಲಿ 200 ಕಿಲೋ ಬೂತಾಯಿ ಇದೆ. ನಿಮ್ಮ ಊರಿನ ದಡಕ್ಕೆ ಫೋನು ಮಾಡಿದಿರಿ. ಅಲ್ಲಿ ಕಿಲೋಗೆ 4 ರೂಪಾಯಿ ಎಂದರು. ಈಗ ಪಕ್ಕದ ಊರಿನ ದಡದಲ್ಲಿರುವ ಪರಿಚಯದವರಿಗೆ ಫೋನು ಮಾಡುತ್ತೀರಿ.

"ಹಲೋ ಅಣ್ಣಾ, ಅಲ್ಲಿ ಇವತ್ತು ಬೂತಾಯಿಗೆ ಎಷ್ಟು?"

"ಇಲ್ಲಿಗೆ ದೋಣಿಗಳೇ ಬರಲಿಲ್ಲ ಮಾರಾಯ. ಏಳು ರೂಪಾಯಿಗೆ ತೆಗೆದುಕೊಳ್ಳುತ್ತಾರೆ. ನಿನ್ನ ಹತ್ತಿರ ಎಷ್ಟು ಉಂಟು?"

"ಇನ್ನೂರು ಕಿಲೋ ಇರಬಹುದು."

"ಹಾಗಾದರೆ ಬೇಗ ಬಾ. ಎಂಟು ಗಂಟೆಯ ಮೇಲೆ ಯಾರೂ ಇರುವುದಿಲ್ಲ."

ಈಗ ಲೆಕ್ಕ ನೋಡಿ. ನಿಮ್ಮ ಊರಿನಲ್ಲಿ ಮಾರಿದರೆ 200 ಕಿಲೋಗೆ 800 ರೂಪಾಯಿ. ಪಕ್ಕದ ಊರಿನಲ್ಲಿ ಮಾರಿದರೆ 1,400 ರೂಪಾಯಿ. ಆದರೆ ಅಲ್ಲಿಗೆ ಹೋಗಲು ಎಣ್ಣೆಗೆ 150 ರೂಪಾಯಿ ಹೆಚ್ಚು ಬೇಕು. ಫೋನಿಗೆ 20 ರೂಪಾಯಿ ಎಂದಿಟ್ಟುಕೊಳ್ಳಿ. 1,400ರಿಂದ 170 ಕಳೆದರೆ ಉಳಿಯುವುದು 1,230 ರೂಪಾಯಿ. ಅಂದರೆ ಒಂದು ಬೆಳಗ್ಗಿನಲ್ಲಿ 430 ರೂಪಾಯಿ ಹೆಚ್ಚು ಸಿಕ್ಕಿತು.

ಇನ್ನೊಂದು ದಿನ ಪಕ್ಕದ ಊರಿನವರು "ನಾಲ್ಕೂವರೆ ರೂಪಾಯಿ" ಎಂದರು ಎನ್ನಿ. ಆಗ 200 ಕಿಲೋಗೆ 900 ರೂಪಾಯಿ. 170 ಕಳೆದರೆ 730. ನಿಮ್ಮ ಊರಿನಲ್ಲೇ 800 ಸಿಗುತ್ತದೆ. ಹಾಗಿದ್ದರೆ ಹೋಗಬೇಕೇ? ಬೇಡ. ದೂರದ ಬೆಲೆ ದೊಡ್ಡದಾಗಿ ಕಂಡರೆ ಸಾಲದು. ಖರ್ಚು ಕಳೆದು ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದೇ ಮುಖ್ಯ. ನೋಡಿದಿರಾ? ಫೋನು ಸುದ್ದಿಯನ್ನು ತರುತ್ತದೆ. ಲೆಕ್ಕ ಹಾಕಿ ತೀರ್ಮಾನ ಮಾಡಬೇಕಾದವರು ನಾವೇ. ಅದಕ್ಕೇ ನಿಮ್ಮ ಟೀಚರು ಕೂಡಿಸು, ಕಳೆ, ಗುಣಿಸು ಎಂದು ಮತ್ತೆ ಮತ್ತೆ ಹೇಳುವುದು!

ಎಲ್ಲರೂ ಅಲ್ಲಿಗೇ ಹೋದರೆ?

ನಿಮ್ಮಲ್ಲಿ ಜಾಣರೊಬ್ಬರು ಕೇಳಬಹುದು: "ಬೆಲೆ ಹೆಚ್ಚಿರುವ ಊರಿಗೆ ಎಲ್ಲ ದೋಣಿಗಳೂ ಹೋದರೆ ಅಲ್ಲಿಯೂ ಬೆಲೆ ಇಳಿಯುವುದಿಲ್ಲವೇ?"

ಒಳ್ಳೆಯ ಪ್ರಶ್ನೆ. ಹೌದು, ಇಳಿಯುತ್ತದೆ. ಎರಡು ಕೊಡಗಳನ್ನು ಅಕ್ಕಪಕ್ಕದಲ್ಲಿ ಇಡಿ. ಒಂದರಲ್ಲಿ ತುಂಬ ನೀರಿದೆ, ಇನ್ನೊಂದರಲ್ಲಿ ಸ್ವಲ್ಪವೇ ಇದೆ. ಎರಡರ ಬುಡವನ್ನೂ ಒಂದು ಕೊಳವೆಯಿಂದ ಸೇರಿಸಿದರೆ ಏನಾಗುತ್ತದೆ? ತುಂಬಿದ ಕೊಡದಿಂದ ನೀರು ಹರಿದು, ಎರಡರಲ್ಲೂ ಮಟ್ಟ ಒಂದೇ ಆಗುತ್ತದೆ. ಫೋನು ಅಂಥ ಕೊಳವೆಯಂತೆ ಕೆಲಸ ಮಾಡಿತು. ಮೀನು ಹೆಚ್ಚಿರುವ ದಡದಿಂದ ಮೀನು ಕಡಿಮೆ ಇರುವ ದಡಕ್ಕೆ ದೋಣಿಗಳು ಹೋದವು. ಊರಿಂದ ಊರಿಗೆ ಬೆಲೆಯಲ್ಲಿದ್ದ ದೊಡ್ಡ ಅಂತರ ಕಡಿಮೆಯಾಯಿತು.

ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಅಧ್ಯಯನ ಮಾಡಿದರು. 1996ರಿಂದ 2001ರ ತನಕ ಕೋಝಿಕ್ಕೋಡು, ಕಣ್ಣೂರು, ಕಾಸರಗೋಡು ಜಿಲ್ಲೆಗಳ 15 ಕಡಲತೀರದ ಸಂತೆಗಳಲ್ಲಿ ವಾರವಾರವೂ ಬೂತಾಯಿಯ ಬೆಲೆಯನ್ನು ಬರೆದಿಡಲಾಯಿತು. 2007ರಲ್ಲಿ ಅವರು ತಮ್ಮ ಅಧ್ಯಯನವನ್ನು ಪ್ರಕಟಿಸಿದರು.

ಅದರಲ್ಲಿ ಏನು ಕಂಡುಬಂತು? ಫೋನು ಬರುವ ಮೊದಲು ಹೆಚ್ಚುಕಡಿಮೆ ಎಲ್ಲರೂ ತಮ್ಮ ಊರಿನಲ್ಲೇ ಮೀನು ಮಾರುತ್ತಿದ್ದರು. ಫೋನು ಬಂದ ಮೇಲೆ ಪ್ರತಿ ಹತ್ತರಲ್ಲಿ ಮೂರು ನಾಲ್ಕು ದೋಣಿಗಳು ಬೇರೆ ಊರಿಗೆ ಹೋಗಿ ಮಾರತೊಡಗಿದವು. ಮೊದಲು ನೂರು ಕಿಲೋದಲ್ಲಿ 5ರಿಂದ 8 ಕಿಲೋದಷ್ಟು ಮೀನು ವ್ಯರ್ಥವಾಗುತ್ತಿತ್ತು. ಆಮೇಲೆ ಅದು ಹೆಚ್ಚುಕಡಿಮೆ ನಿಂತೇ ಹೋಯಿತು. ಮೀನುಗಾರರ ಲಾಭ ನೂರಕ್ಕೆ 8ರಷ್ಟು ಹೆಚ್ಚಾಯಿತು. ಮೀನು ಕೊಂಡು ತಿನ್ನುವವರಿಗೆ ಬೆಲೆ ನೂರಕ್ಕೆ 4ರಷ್ಟು ಇಳಿಯಿತು.

ಇದು ಒಗಟಿನಂತಿದೆ ಅಲ್ಲವೇ? ಮಾರುವವರಿಗೂ ಲಾಭ, ಕೊಳ್ಳುವವರಿಗೂ ಲಾಭ. ಹಾಗಾದರೆ ಈ ಲಾಭ ಬಂದದ್ದು ಎಲ್ಲಿಂದ? ಯಾರ ಕಿಸೆಯಿಂದಲೂ ಕಿತ್ತುಕೊಂಡದ್ದಲ್ಲ. ಮೊದಲು ಕೊಳೆತು ಹೋಗುತ್ತಿದ್ದ ಮೀನು ಈಗ ಯಾರದೋ ಮನೆಯ ಬಟ್ಟಲಿಗೆ ಬಿತ್ತು. ಅಲ್ಲಿಂದಲೇ ಆ ಲಾಭ ಬಂತು.

"ಇದು ಫೋನಿನಿಂದಲೇ ಆಯಿತು ಎಂದು ಹೇಗೆ ಹೇಳುವುದು? ಬೇರೆ ಕಾರಣವೂ ಇರಬಹುದಲ್ಲ?" ಎಂದು ಕೇಳಿದರೆ ಅದೂ ಸರಿಯಾದ ಪ್ರಶ್ನೆಯೇ. ಉತ್ತರ ಹೀಗಿದೆ: ಮೂರು ಜಿಲ್ಲೆಗಳಿಗೆ ಫೋನು ಬೇರೆ ಬೇರೆ ಸಮಯದಲ್ಲಿ ಬಂತು. ಕೋಝಿಕ್ಕೋಡಿನಲ್ಲಿ ಫೋನು ಬಂದ ಮೇಲೆ ಅಲ್ಲಿ ಬೆಲೆಗಳು ಹತ್ತಿರವಾದವು, ಕಣ್ಣೂರಿನಲ್ಲಿ ಆಗಲಿಲ್ಲ. ಕಣ್ಣೂರಿಗೆ ಫೋನು ಬಂದಾಗ ಅಲ್ಲಿಯೂ ಹಾಗೆಯೇ ಆಯಿತು, ಕಾಸರಗೋಡಿನಲ್ಲಿ ಆಗಲಿಲ್ಲ. ಕೊನೆಗೆ ಕಾಸರಗೋಡಿನ ಸರದಿ ಬಂತು. ಮೂರು ಸಲವೂ ಫೋನಿನ ಹಿಂದೆಯೇ ಬದಲಾವಣೆ ಬಂತು. ಒಂದು ಮಾತನ್ನು ನಂಬುವ ಮೊದಲು ಹೀಗೆ ಪರೀಕ್ಷಿಸಿ ನೋಡುವುದನ್ನು ನೀವೂ ರೂಢಿ ಮಾಡಿಕೊಳ್ಳಿ.

ಫೋನಿನಿಂದ ಆಗದ ಕೆಲಸ

ಫೋನು ಬಂದ ಮಾತ್ರಕ್ಕೆ ಎಲ್ಲ ಕಷ್ಟಗಳೂ ತೀರಿದವೆಂದು ತಿಳಿಯಬೇಡಿ.

ದೋಣಿ, ಬಲೆ, ಯಂತ್ರ ಕೊಳ್ಳಲು ಕೆಲವು ಮೀನುಗಾರರು ದಲ್ಲಾಳಿಯಿಂದ ಮುಂಗಡ ಹಣ ತೆಗೆದುಕೊಂಡಿರುತ್ತಾರೆ. ಆ ಸಾಲ ತೀರುವ ತನಕ ಹಿಡಿದ ಮೀನನ್ನು ಅವರಿಗೇ ಕೊಡಬೇಕು. ಪಕ್ಕದ ಊರಿನಲ್ಲಿ ಎಷ್ಟು ಬೆಲೆ ಇದೆ ಎಂದು ಫೋನು ಹೇಳಿದರೂ ಅವರು ಅಲ್ಲಿಗೆ ಹೋಗುವಂತಿಲ್ಲ. ಸುದ್ದಿ ತಿಳಿದರೆ ಸಾಲದು, ಅದರಂತೆ ನಡೆಯುವ ಸ್ವಾತಂತ್ರ್ಯವೂ ಬೇಕು.

ಕಡಲಿನಲ್ಲಿ ಮೀನೇ ಕಡಿಮೆಯಾದರೆ? ಕಡಲಿನ ಬಿಸಿ, ಮಳೆ, ಮೀನಿನ ಆಹಾರ ಬದಲಾದಂತೆ ಬೂತಾಯಿಯ ಸಂಖ್ಯೆಯೂ ಏರಿಳಿಯುತ್ತದೆ. 2012ರಲ್ಲಿ ಕೇರಳದಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ. ಆಮೇಲೆ ಅದು ಮತ್ತೆ ಹೆಚ್ಚಾಯಿತು. ಮರಿಮೀನುಗಳನ್ನೇ ಹಿಡಿದರೆ ನಾಳೆಗೆ ಮೀನು ಉಳಿಯದು. ಅದಕ್ಕಾಗಿ 10 ಸೆಂಟಿಮೀಟರಿಗಿಂತ ಚಿಕ್ಕ ಬೂತಾಯಿಯನ್ನು ಹಿಡಿಯಬಾರದೆಂದು ಕೇರಳ ಸರಕಾರ ನಿಯಮ ಮಾಡಿದೆ. ಇಲ್ಲಿ ಬೇಕಾದ ಉಪಕರಣ ಫೋನಲ್ಲ. ನಿಮ್ಮ ಚೀಲದಲ್ಲಿರುವ ಅಳತೆಪಟ್ಟಿ!

ಇನ್ನೊಂದು ಮಾತು. ಬಹು ದೂರದ ಕಡಲಿಗೆ ಫೋನಿನ ಸಂಕೇತ ತಲುಪುವುದಿಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬೀಸಿದಾಗ ದೂರಕ್ಕೆ ಹೋಗಿದ್ದ ದೋಣಿಗಳಿಗೆ ಎಚ್ಚರಿಕೆ ಮುಟ್ಟಲಿಲ್ಲ. ಕೇರಳ ಮತ್ತು ತಮಿಳುನಾಡಿನ ಅನೇಕ ಮೀನುಗಾರರು ಮನೆಗೆ ಮರಳಿ ಬರಲೇ ಇಲ್ಲ. ಆ ಬಳಿಕ ಉಪಗ್ರಹದ ಮೂಲಕ ಕಡಲಿನ ನಡುವಿಗೂ ಸಂದೇಶ ಮುಟ್ಟಿಸುವ ಜೆಮಿನಿ ಎಂಬ ಸಾಧನವನ್ನು 2019ರಲ್ಲಿ ಹೊರತಂದರು. ಸುದ್ದಿ ಎಂದರೆ ಬೆಲೆಯ ಸುದ್ದಿ ಮಾತ್ರವಲ್ಲ, ಪ್ರಾಣ ಉಳಿಸುವ ಸುದ್ದಿಯೂ ಹೌದು.

ಹೈದರಾಬಾದಿನಲ್ಲಿ ಕಡಲಿನ ಮಾಹಿತಿ ಕೊಡುವ ರಾಷ್ಟ್ರೀಯ ಕೇಂದ್ರವೊಂದಿದೆ. ಅದರ ಹೆಸರು ಇನ್‌ಕಾಯ್ಸ್. ಕಡಲಿನ ನೀರು ಎಲ್ಲಿ ತಂಪಾಗಿದೆ, ಎಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಸಿರು ಸಸ್ಯಗಳು ಹೆಚ್ಚಾಗಿವೆ ಎಂಬುದನ್ನು ಉಪಗ್ರಹಗಳು ಮೇಲಿನಿಂದ ನೋಡುತ್ತವೆ. ಆಹಾರವಿರುವಲ್ಲಿ ಮೀನೂ ಸೇರುತ್ತದೆ. ಆ ಜಾಗಗಳನ್ನು ಈ ಕೇಂದ್ರವು ಮೀನುಗಾರರಿಗೆ ತಿಳಿಸುತ್ತದೆ. ಇದರಿಂದ ಮೀನು ಹುಡುಕುತ್ತಾ ಸುತ್ತುವ ಹೊತ್ತು, ಎಣ್ಣೆ ಎರಡೂ ಉಳಿಯುತ್ತವೆ.

ನಿಮ್ಮ ಊರಿನ ಸಣ್ಣ ವ್ಯಾಪಾರ

ನಿಮ್ಮ ಸುತ್ತಮುತ್ತ ಎಷ್ಟೊಂದು ಸಣ್ಣ ವ್ಯಾಪಾರಗಳಿವೆ ನೋಡಿ. ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಕುಟುಂಬಶ್ರೀಯ ಅಮ್ಮಂದಿರು, ಬಟ್ಟೆ ಹೊಲಿಯುವ ಅಕ್ಕ, ಗೂಡಂಗಡಿಯ ಅಜ್ಜ, ಕಾಸರಗೋಡು ಸೀರೆ ನೇಯುವ ನೇಕಾರರು. ಪೇಟೆಯ ದೊಡ್ಡ ಅಂಗಡಿಗಳ ಮುಂದೆ ಇವರು ಉಳಿಯಬೇಕಲ್ಲ. ಹಣ ಕಡಿಮೆ ಇರುವವರಿಗೆ ಒಳ್ಳೆಯ ಉಪಕರಣ ದೊಡ್ಡ ಬಲ. ಆದರೆ ಪಕ್ಕದವರು ಕೊಂಡರೆಂದು ನಾವೂ ಕೊಳ್ಳಬಾರದು. ಮೀನುಗಾರರಂತೆ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು.

ನನ್ನ ಕೆಲಸದಲ್ಲಿ ಯಾವುದು ವ್ಯರ್ಥವಾಗುತ್ತಿದೆ? ಅದನ್ನು ನಿಲ್ಲಿಸಲು ನನಗೆ ಏನು ತಿಳಿಯಬೇಕು? ಅದನ್ನು ತಿಳಿಸುವ ಉಪಕರಣಕ್ಕೆ ಎಷ್ಟು ಖರ್ಚು? ಖರ್ಚು ಕಳೆದು ಎಷ್ಟು ಉಳಿಯುತ್ತದೆ?

ಗೂಡಂಗಡಿಯ ಅಜ್ಜನಿಗೆ ಚಿಲ್ಲರೆಯ ತೊಂದರೆ. ಚಿಲ್ಲರೆ ಇಲ್ಲವೆಂದು ಗಿರಾಕಿಗಳು ಮರಳಿ ಹೋಗುತ್ತಾರೆ. 2016ರಲ್ಲಿ ಆರಂಭವಾದ ಯುಪಿಐಯಿಂದಾಗಿ ಈಗ ಕಪ್ಪು ಬಿಳಿ ಚೌಕಗಳಿರುವ ಒಂದು ಕಾಗದವನ್ನು ಅಂಗಡಿಯ ಮುಂದೆ ಅಂಟಿಸಿದರೆ ಸಾಕು. ಗಿರಾಕಿಯು ಫೋನಿನಿಂದಲೇ ಹಣ ಕೊಡಬಹುದು. ಹೊಲಿಗೆಯ ಅಕ್ಕನಿಗೆ ದುಬಾರಿ ಯಂತ್ರಕ್ಕಿಂತ ಮೊದಲು, ಯಾರ ಬಟ್ಟೆ ಯಾವ ದಿನ ಕೊಡಬೇಕೆಂದು ಬರೆದಿಡುವ ಒಂದು ಪುಸ್ತಕ ಬೇಕಾಗಿರಬಹುದು. ಅದೂ ಉಪಕರಣವೇ. ತಕ್ಕಡಿ, ಬಲೆ, ಪುಸ್ತಕ, ಫೋನು ಇವೆಲ್ಲವೂ ಮನುಷ್ಯನ ಬುದ್ಧಿಯಿಂದ ಹುಟ್ಟಿದವು. ಎಲ್ಲಿ ಯಾವುದು ಬೇಕೆಂದು ತಿಳಿಯುವುದೇ ಜಾಣತನ.

ಮಕ್ಕಳೇ, ನಾಳೆ ಬೆಳಗ್ಗೆ ಮೀನಿನವರ ಹಾರನ್ ಕೇಳಿದಾಗ ಬಾಗಿಲಿಗೆ ಹೋಗಿ ನೋಡಿ. ಅವರ ಅಂಗಿಯ ಕಿಸೆಯಲ್ಲಿ ಒಂದು ಫೋನು ಇರುತ್ತದೆ. ನಿಮ್ಮ ಮನೆಗೆ ಬರುವ ಮೊದಲು ಅವರು ಅದರಲ್ಲಿ ಯಾರೊಡನೆ, ಏನು ಮಾತಾಡಿದರು ಎಂದು ಕೇಳಿ. ಈ ಪಾಠದ ಮುಂದಿನ ಭಾಗವನ್ನು ಅವರೇ ನಿಮಗೆ ಹೇಳುತ್ತಾರೆ.

ಅಭ್ಯಾಸ

ಪದಗಳ ಅರ್ಥ ತಿಳಿಯಿರಿ

ದಲ್ಲಾಳಿ – ಮಾರುವವರ ಮತ್ತು ಕೊಳ್ಳುವವರ ನಡುವೆ ವ್ಯಾಪಾರ ಕುದುರಿಸುವವನು
ಮುಂಗಡ – ಮೊದಲೇ ಕೊಡುವ ಹಣ
ಗಿರಾಕಿ – ಕೊಳ್ಳಲು ಬರುವವನು
ವ್ಯರ್ಥ – ಪ್ರಯೋಜನವಿಲ್ಲದೆ ಹಾಳಾಗುವುದು
ಉಪಕರಣ – ಕೆಲಸಕ್ಕೆ ನೆರವಾಗುವ ಸಾಧನ

ಉತ್ತರ ಬರೆಯಿರಿ

1. ಅಡಿಕೆಯನ್ನು ಇಡುವಂತೆ ಹಸಿ ಬೂತಾಯಿಯನ್ನು ಇಡಲು ಏಕೆ ಆಗುವುದಿಲ್ಲ?
2. 1997ರ ಜನವರಿ 14ರಂದು ವಡಗರದಲ್ಲಿ ಏನಾಯಿತು? ಅಲ್ಲಿ ಇಲ್ಲದಿದ್ದುದು ಯಾವುದು?
3. ಮಾರುವವರಿಗೂ ಕೊಳ್ಳುವವರಿಗೂ ಲಾಭವಾದದ್ದು ಹೇಗೆ?
4. ಬದಲಾವಣೆಗೆ ಫೋನೇ ಕಾರಣವೆಂದು ಹೇಗೆ ತಿಳಿಯಿತು?
5. ಬೆಲೆ ತಿಳಿದರೂ ಕೆಲವು ಮೀನುಗಾರರು ಬೇರೆ ಊರಿಗೆ ಹೋಗಲಾರರು. ಏಕೆ?

ಲೆಕ್ಕ ಮಾಡಿ

ನಿಮ್ಮ ದೋಣಿಯಲ್ಲಿ 150 ಕಿಲೋ ಮೀನಿದೆ. ಊರಿನಲ್ಲಿ ಕಿಲೋಗೆ 5 ರೂಪಾಯಿ. ಪಕ್ಕದ ಊರಿನಲ್ಲಿ 6 ರೂಪಾಯಿ. ಹೋಗುವ ಖರ್ಚು 170 ರೂಪಾಯಿ. ಎಲ್ಲಿ ಮಾರುತ್ತೀರಿ? ಕಾರಣ ಹೇಳಿ.

ಮಾಡಿ ನೋಡೋಣ

ನಿಮ್ಮ ಊರಿನ ಒಬ್ಬ ಸಣ್ಣ ವ್ಯಾಪಾರಿಯನ್ನು ಭೇಟಿಯಾಗಿ. ಪಾಠದಲ್ಲಿರುವ ನಾಲ್ಕು ಪ್ರಶ್ನೆಗಳನ್ನು ಅವರಲ್ಲಿ ವಿನಯದಿಂದ ಕೇಳಿ. ಅವರು ಹೇಳಿದ್ದನ್ನು ನಿಮ್ಮ ಪುಸ್ತಕದಲ್ಲಿ ಬರೆದು ತಂದು ತರಗತಿಯಲ್ಲಿ ಓದಿ ಹೇಳಿ.